ಗಾಳಿಯಂತ್ರದ ಕೆಳಗೆ ಐದು ಕೊಡೆ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ತೇವಾರಂ ಆಚೆಯ ಬಯಲಲ್ಲಿ, ಗಾಳಿಯಂತ್ರವೊಂದರ ಬುಡದಲ್ಲಿ ನಾನು ಐದು ಕೊಡೆ ಇಟ್ಕೊಂಡು ನಿಂತಿದ್ದೆ.

ಮಳೆ ಇರಲಿಲ್ಲ. ಬರೋ ಸೂಚನೆಯೂ ಇರಲಿಲ್ಲ.

ಒಂದು ಕೊಡೆ ಬಿಚ್ಚೋದು. ಪಡುವಣ ಬೆಟ್ಟದ ಕಡೆ ಮುಖ ಮಾಡಿ ನಿಲ್ಲೋದು. ಪಿಸುದನಿಯಲ್ಲಿ ನೂರರವರೆಗೆ ಎಣಿಸೋದು. ಕೊಡೆ ಕೊಡೆಯಾಗೇ ಉಳಿದರೆ ಪಾಸ್. ತಲೆಕೆಳಗಾಗಿ ಬೋಗುಣಿಯಾದರೆ ಫೇಲ್.

ಅಲ್ಲಿ ಕಾವಲಿಗಿದ್ದ ತಾತ ಬೀಡಿ ಆರಿಸಿ ಹತ್ತಿರ ಬಂದರು. “ಏನಮ್ಮಾ, ಗಾಳಿ ಸರ್ವೇನಾ? ಆಫೀಸಿಂದ ಕಳಿಸಿದ್ದಾರಾ?”

“ಇಲ್ಲ ತಾತಾ. ಮದುವೆಗೆ.”

ಅವರು ಸ್ವಲ್ಪ ದೂರ ಹೋಗಿ ಕೂತರು. ಹುಚ್ಚರಿಂದ ಎಷ್ಟು ದೂರ ಇರಬೇಕೋ ಅಷ್ಟು ದೂರ.

ಅವರ ತಪ್ಪೇನಿಲ್ಲ. ಕೊಡೆ ಅಂದರೆ ನಮಗೆ ಯಾವಾಗಲೂ ಮಳೆಯದೇ ಲೆಕ್ಕ. ಅಂಗಡಿಗೆ ಹೋಗ್ತೀವಿ, ಬಣ್ಣ ನೋಡ್ತೀವಿ, ಫ್ಯಾನ್ ಕೆಳಗೆ ಒಂದು ಸಲ ಬಿಚ್ಚಿ ಮುಚ್ತೀವಿ, ಬಟನ್ ‘ಟಪ್’ ಅಂತಂದರೆ ಖುಷಿ. ಮುಗೀತು. ನನ್ನ ಪ್ರಕಾರ ಮಳೆ ತಡೆಯದ ಕೊಡೆ ಪ್ರಪಂಚದಲ್ಲೇ ಇಲ್ಲ. ಗಾಳಿ ತಡೆಯೋ ಕೊಡೆ ಎಷ್ಟಿವೆ, ಹೇಳಿ?

ತಮಿಳುನಾಡಿನ ಅಂಚಿನ ನಮ್ಮ ಕಂಬಂ ಕಣಿವೆಯಲ್ಲಿ ಈ ಪ್ರಶ್ನೆ ತಮಾಷೆಯದ್ದಲ್ಲ. ಕೇರಳದ ಮಳೆ ಬೆಟ್ಟದ ಆಚೆಗೇ ಸುರಿದು ಖಾಲಿಯಾಗುತ್ತೆ. ನಮಗೆ ಬರೋದು ಅದರ ಹನಿ, ಮತ್ತೆ ಅದರ ಗಾಳಿ, ಪೂರ್ತಿ ಗಾಳಿ. ಆಡಿ ತಿಂಗಳ (ನಿಮ್ಮ ಆಷಾಢ) ಗಾಳಿಗೆ ಅರೆಯೋ ಕಲ್ಲೂ ಹಾರುತ್ತೆ ಅಂತ ಗಾದೆ. ಆಡಿಯಲ್ಲಿ ನಮ್ಮಲ್ಲಿ ಮದುವೆ ಮಾಡಲ್ಲ. ಅದಕ್ಕೇ ಎಲ್ಲರೂ ಅದರ ಹಿಂದಿನ ಆನಿ ತಿಂಗಳ ಕೊನೇ ಮುಹೂರ್ತಗಳಿಗೆ ಮುಗಿಬೀಳ್ತಾರೆ. ಆನಿ ಗಾಳಿ ಏನು ಕಡಿಮೆಯಾ? ಆಡಿ ಗಾಳಿಗೆ ತಮ್ಮ, ಅಷ್ಟೇ.

ಆ ಆನಿ ತಿಂಗಳಲ್ಲಿ ನನ್ನ ಅಕ್ಕನ ಮಗಳು ರೇವತಿಯ ಮದುವೆ. ಊರು ಕಾಮಯಗೌಂಡನ್‌ಪಟ್ಟಿ.

ನಮ್ಮ ಮನೆತನಗಳಲ್ಲಿ ಒಂದು ಪದ್ಧತಿ ಇದೆ. ಮದುವೆ ದಿನ ಹುಡುಗಿ ಮನೆಯಿಂದ ಮಂಟಪದವರೆಗೆ ನಡೆದೇ ಹೋಗಬೇಕು. ದಾರಿಯುದ್ದಕ್ಕೂ ಸೋದರಮಾವ ಅವಳ ತಲೆ ಮೇಲೆ ಕೊಡೆ ಹಿಡೀಬೇಕು. ಕೊಡೆ ಹೊಸದಿರಬೇಕು, ಮಾವನೇ ತರಬೇಕು. ನಡುದಾರಿಯಲ್ಲಿ ಮುಚ್ಚಬಾರದು, ಮಗುಚಬಾರದು. ಮಗುಚಿದರೆ? ಏನೂ ಆಗಲ್ಲ. ಊರಿನ ಹೆಂಗಸರು ಒಬ್ಬರನ್ನೊಬ್ಬರು ನೋಡ್ತಾರೆ, ಅಷ್ಟೇ. ಆ ನೋಟ ಇಪ್ಪತ್ತು ವರ್ಷ ಬಾಳುತ್ತೆ.

ತೊಂದರೆ ಏನಂದರೆ, ರೇವತಿಗೆ ಸೋದರಮಾವ ಇಲ್ಲ. ನಮ್ಮ ಮನೆಯಲ್ಲಿ ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕ, ನಾನು.

ಮಾತುಕತೆ ದಿನ ಬೊಮ್ಮಣ್ಣ ದೊಡ್ಡಪ್ಪ ಅದನ್ನ ಸರಳವಾಗಿ ಪರಿಹರಿಸಿದರು. ನಮ್ಮ ಅಪ್ಪ ತೀರಿಕೊಂಡ ಮೇಲೆ ಎಲ್ಲವನ್ನೂ ಪರಿಹರಿಸೋದು ಅವರೇ. ಹೆಗಲ ಮೇಲಿನ ಬಿಳಿ ಟವೆಲ್ ಒಂದು ಸಲ ಸರಿಮಾಡಿಕೊಂಡರೆ ತೀರ್ಪು ಬಂತು ಅಂತ ಅರ್ಥ.

“ನಮ್ ಸುರುಳಿ ಅವ್ನಲ್ವಾ, ಅವನೂ ಅಣ್ಣನೇ ತಾನೇ. ಅವ ಹಿಡೀತಾನೆ.”

ಸುರುಳಿಯಣ್ಣ ದೊಡ್ಡಪ್ಪನ ಮಗ. ಬಂಗಾರದಂಥ ಮನುಷ್ಯ. ಆದರೆ ಎರಡು ವರ್ಷದ ಹಿಂದೆ ತನ್ನ ಸ್ವಂತ ತಂಗಿಯ ಹಿರಿ ಮಗಳ ಮದುವೆಯಲ್ಲಿ ಕೊಡೆ ಹಿಡಿದಿದ್ದ. ರೇಶನ್ ಅಂಗಡಿ ತಿರುವಿನಲ್ಲಿ ಗಾಳಿ ಒಂದು ಸಲ ಬೀಸಿತು ನೋಡಿ, ಕೊಡೆ ಮಗುಚಿ, ಎದ್ದು, ಅವನನ್ನೂ ಎಳ್ಕೊಂಡು ಪಕ್ಕದ ಚರಂಡಿವರೆಗೆ ಹೋಯಿತು. ಮಾವ ಆ ಕಡೆ, ಮದುಮಗಳು ಈ ಕಡೆ. ಅವತ್ತಿಂದ ಊರಿನ ಮಕ್ಕಳಿಗೆಲ್ಲ ಅವನು ‘ಪ್ಯಾರಾಚೂಟ್ ಮಾಮ’. ಬೈಕಿನಲ್ಲಿ ಹೋಗ್ತಿದ್ದರೂ ಹಿಂದಿನಿಂದ ಕೂಗ್ತಾರೆ.

ಅಕ್ಕ ಒಳಗೆ ಕಾಫಿ ಸೋಸ್ತಿದ್ದಳು. ಅಲ್ಲಿಂದಲೇ ಹೇಳಿದಳು. “ಕೊಡೆ ನನ್ ತಂಗಿ ಹಿಡೀತಾಳೆ.”

“ಯಾರು? ಈ ಟೀಚರಮ್ಮನಾ?” ದೊಡ್ಡಪ್ಪ ನಕ್ಕರು. “ಅವ್ವಾ, ಇದು ಚಾಕ್‌ಪೀಸ್ ಹಿಡಿದಂಗಲ್ಲ. ಗಂಡಸರ ಕೈಗೇ ನಿಲ್ಲಾಕಿಲ್ಲ. ಊರು ನಗಾಕಿಲ್ವಾ?”

“ಊರು ಸುರುಳಿಯಣ್ಣನ್ನ ನೋಡಿ ನಕ್ಕಾಗೋಯ್ತು ದೊಡ್ಡಪ್ಪಾ. ಇನ್ನೇನಿದೆ ನಗಾಕೆ?” ಅಂದಳು ಅಕ್ಕ.

(ನಮ್ಮ ಮನೆ ಕನ್ನಡದಲ್ಲಿ ತಮಿಳು ಅರ್ಧಕ್ಕರ್ಧ. ಅಕ್ಕ ನಿಜವಾಗಿ ಅಂದದ್ದು ಇನ್ನೂ ಖಾರವಾಗಿತ್ತು. ನಿಮಗೋಸ್ಕರ ತಿದ್ದಿದ್ದೀನಿ.)

ಅಕ್ಕ ಯಾಕೆ ಅಷ್ಟು ಗಟ್ಟಿಯಾಗಿ ಹೇಳಿದಳು ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲಿ ಡಿಗ್ರಿ ತಗೊಂಡ ಮೊದಲ ಜೀವ ನಾನು. (ಇದನ್ನ ಪದೇಪದೇ ಹೇಳ್ತೀನಿ ಅಂತ ಈ ಅಂಕಣದ ಕೆಲವು ಓದುಗರು ಪತ್ರ ಬರೆದಿದ್ದಾರೆ. ಇನ್ನೂ ಹೇಳ್ತೀನಿ. ಪುಕ್ಕಟೆ ಸಿಕ್ಕಿದ್ದಲ್ಲ.) ಅಕ್ಕ ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ದ್ರಾಕ್ಷಿ ತೋಟದ ಕೆಲಸಕ್ಕೆ ಹೋದಳು. ಚಪ್ಪರದ ಕೆಳಗೆ ಇಡೀ ದಿನ ಕತ್ತೆತ್ತಿ ಗೊಂಚಲು ಬಿಡಿಸೋ ಕೆಲಸ. ಇವತ್ತಿಗೂ ಅವಳ ಕುತ್ತಿಗೆ ಪೂರ್ತಿ ತಿರುಗಲ್ಲ. ಅವಳು ಕತ್ತೆತ್ತಿದ್ದಕ್ಕೆ ನಾನು ಫಿಸಿಕ್ಸ್ ಎಂ.ಎಸ್‌ಸಿ. ಮಾಡಿದೆ, ದಿಂಡಿಗಲ್ಲಿನಲ್ಲಿ ಪ್ಲಸ್ ಟೂ ಮಕ್ಕಳಿಗೆ ಪಾಠ ಹೇಳ್ತಿದ್ದೀನಿ.

ಅಂಥ ಅಕ್ಕ ಜೀವನದಲ್ಲಿ ನನ್ನಿಂದ ಕೇಳಿದ್ದು ಇದೊಂದೇ. ನನ್ನ ಮಗಳ ತಲೆ ಮೇಲೆ ಕೊಡೆ ಹಿಡಿ.

ದೊಡ್ಡಪ್ಪ ಟವೆಲ್ ಸರಿಮಾಡಿಕೊಂಡರು. “ಸರಿ. ಹಿಡೀಲಿ. ಮಗುಚ್ಚಿದ್ರೆ ನನ್ ಕೇಳ್ಬ್ಯಾಡಿ.”

ನೀವೇ ಯೋಚಿಸಿ. ಗಂಡಸಿನ ಕೈಯಲ್ಲಿ ಕೊಡೆ ಮಗುಚಿದರೆ ಗಾಳಿ ಜೋರಿತ್ತು ಅಂತಾರೆ. ನನ್ನ ಕೈಯಲ್ಲಿ ಮಗುಚಿದರೆ? ಹೆಣ್ಣು ಹಿಡಿದರೆ ಇನ್ನೇನಾಗುತ್ತೆ ಅಂತಾರೆ. ಓದಿಸಿದ್ದು ದಂಡ ಅಂತಾರೆ. ಅಕ್ಕನ ಮುಖ ನೋಡ್ತಾ ಅಂತಾರೆ.

ಹಾಗಾಗಿ ಕೊಡೆ ಮಗುಚಬಾರದು. ಅಷ್ಟೇ.

ಮೊದಲು ಅಂಗಡಿಗಳಿಗೆ ಹೋದೆ. ಎಲ್ಲಾ ಕಡೆ ಒಂದೇ ಉತ್ತರ. “ಗ್ಯಾರಂಟಿ ಮೇಡಂ.” ಗಾಳಿಗೆ? “ಗಾಳಿಗೆ ಗ್ಯಾರಂಟಿ ಇಲ್ಲ ಮೇಡಂ.” ಮತ್ತೆ ಯಾತಕ್ಕೆ ಗ್ಯಾರಂಟಿ? ಅದು ಅವರಿಗೂ ಗೊತ್ತಿಲ್ಲ.

ಆಮೇಲೆ ನೆನಪಾಯಿತು. ಮಾರೋರನ್ನ ಯಾಕೆ ಕೇಳಬೇಕು? ರಿಪೇರಿ ಮಾಡೋರನ್ನ ಕೇಳಬೇಕು.

ಕಂಬಂ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಒಬ್ಬ ಭಾಯಿ ಇದ್ದಾರೆ. ಬೀಗ, ಟಾರ್ಚು, ಸ್ಟವ್ವು, ಕೊಡೆ, ಕೆಟ್ಟದ್ದು ಏನೇ ಇದ್ದರೂ ಅವರ ಮುಂದೆ ಹೋಗಿ ಕೂರುತ್ತೆ. ಎಪ್ಪತ್ತು ದಾಟಿದ ಮನುಷ್ಯ. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದಾರೆ. (ತಮ್ಮದನ್ನ ರಿಪೇರಿ ಮಾಡ್ಕೊಳ್ಳೋಕೆ ಟೈಮಿಲ್ಲ.)

“ಭಾಯಿ, ಯಾವ ಕೊಡೆ ತಗೊಳ್ಳಲಿ?”

“ನನ್ನ ಹತ್ತಿರ ಬರದೇ ಇರೋ ಕೊಡೆ ತಗೋ.”

ಮೂಲೆಯಲ್ಲಿ ಒಂದು ರಾಶಿ ತೋರಿಸಿದರು. ರಿಪೇರಿಗೂ ಆಗದ ಕೊಡೆಗಳು. “ಸತ್ತಿರೋರನ್ನ ನೋಡಮ್ಮಾ. ಯಾಕೆ ಸತ್ತರು ಅಂತ ಅವರೇ ಹೇಳ್ತಾರೆ.”

ಒಂದು ಗಂಟೆ ಕೂತು ಪೋಸ್ಟ್‌ಮಾರ್ಟಂ ಮಾಡಿದೆವು. ಬ್ಯಾಗಿನಲ್ಲಿ ಹಿಡಿಸಬೇಕು ಅಂತ ಮೂರು ಮಡಿಕೆ ಮಾಡಿದ ಕೊಡೆಗಳೇ ರಾಶಿಯಲ್ಲಿ ಹೆಚ್ಚು. ಮಡಿಚೋ ಒಂದೊಂದು ಜಾಗವೂ ಮುರಿಯೋ ಜಾಗ ಅಂದರು. ಕಡ್ಡಿ ಬಾಗಬೇಕು, ಬಾಗಿ ವಾಪಸ್ ಬರಬೇಕು. ಬಾಗದೇ ಸೆಟೆದು ನಿಲ್ಲೋ ತಗಡಿನ ಕಡ್ಡಿ ಒಂದೇ ಏಟಿಗೆ ಹೋಗುತ್ತೆ. ಕೋಲು ಒಂದೇ ತುಂಡಿರಬೇಕು. ಮುಚ್ಚಿದ ಕೊಡೆಯನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬಾರದು. ಬಟ್ಟೆಯನ್ನ ಕಡ್ಡಿಗೆ ತುದಿಯಲ್ಲಿ ಮಾತ್ರ ಅಲ್ಲ, ನಡುವೆಯೂ ದಾರದಿಂದ ಕಟ್ಟಿದ್ದಾರಾ ಅಂತ ಒಳಗೆ ತಲೆ ಹಾಕಿ ನೋಡಬೇಕು. “ಯಾರೂ ಒಳಗೆ ನೋಡಲ್ಲಮ್ಮಾ. ಮೇಲಿನ ಹೂವು ನೋಡ್ತಾರೆ.”

ಹೊರಡುವಾಗ ಇನ್ನೊಂದು ಮಾತಂದರು. “ಗಾಳಿ ಬಂದಾಗ ಎಲ್ಲರೂ ಕೊಡೆಯನ್ನ ಹಿಂದಕ್ಕೆ ಎಳ್ಕೋತಾರೆ. ಎಳೀಬೇಡ. ಅದರ ಮುಖಾನ ಗಾಳಿಗೇ ಕೊಡು.”

ನಾಲ್ಕು ಅಂಗಡಿಗಳಿಂದ ನಾಲ್ಕು ಕೊಡೆ ತಂದೆ. ಐದನೆಯದಕ್ಕೆ ಬೆಟ್ಟ ಹತ್ತಿ ಕೇರಳದ ಕುಮಳಿಗೆ ಹೋದೆ. ಮಳೆ ನಾಡಿನೋರಿಗೆ ಕೊಡೆ ಗೊತ್ತಿರಬೇಕಲ್ಲ! ಅಲ್ಲಿಂದ ಉದ್ದ ಕಾಲಿನ ಒಂದು ಕರೀ ಕೊಡೆ ಬಂತು. ನಮ್ಮ ಕಡೆ ರಿಟೈರ್ಡ್ ಹೆಡ್‌ಮಾಸ್ಟರುಗಳು ಊರಿಕೊಂಡು ನಡೀತಾರಲ್ಲ, ಅಂಥದ್ದು.

ಈಗ ಪರೀಕ್ಷೆ. ಗಾಳಿ ಎಲ್ಲಿ ಹೆಚ್ಚು? ಗಾಳಿಯಂತ್ರ ನೆಟ್ಟ ಕಂಪನಿಯೋರು ವರ್ಷಗಟ್ಟಲೆ ಅಳೆದೇ ನೆಟ್ಟಿರ್ತಾರೆ. ಅವರ ಲೆಕ್ಕ ನನಗೆ ಫ್ರೀ. ಅದಕ್ಕೇ ತೇವಾರಂ.

ಮೊದಲನೆಯದು, ಹೂವಿನ ಡಿಸೈನಿನ ತ್ರೀ ಫೋಲ್ಡ್. ಏಳು ಎಣಿಸೋದರೊಳಗೆ ಬೋಗುಣಿ.

ಎರಡನೆಯದು ಬಟನ್ ಕೊಡೆ. ಒತ್ತಿದೆ. ಬಿಚ್ಚಿತು. ಬಿಚ್ಚಿಕೊಂಡೇ ಹೋಯಿತು! ಹಿಡಿ ನನ್ನ ಕೈಯಲ್ಲಿ, ಕೊಡೆ ಕಡಲೆಕಾಯಿ ಹೊಲದಲ್ಲಿ. ಕಾವಲಿನ ತಾತನೇ ಎದ್ದು ಹೋಗಿ ತಂದುಕೊಟ್ಟರು. ಆಮೇಲೆ ದೂರ ಹೋಗಲಿಲ್ಲ, ಪಕ್ಕದಲ್ಲೇ ನಿಂತರು. ಅವರಿಗೂ ರುಚಿ ಹತ್ತಿತ್ತು.

ಮೂರನೆಯದರ ದಾರ ಕಿತ್ತು ಬಂತು. ನಾಲ್ಕನೆಯದು ಎಂಬತ್ತರವರೆಗೆ ನಿಂತಾಗ ತಾತ ಜೋರಾಗಿ ಎಣಿಸೋಕೆ ಶುರು ಮಾಡಿದರು. ಎಂಬತ್ತೊಂದು, ಎಂಬತ್ತೆರಡು, ‘ಟಕ್’. ಒಂದು ಕಡ್ಡಿ ಹೋಯಿತು. “ಅಯ್ಯೋ, ಪಾಪ” ಅಂದರು, ಯಾರೋ ಹತ್ತಿರದೋರು ಫೇಲಾದ ಹಾಗೆ.

ಐದನೆಯದು, ಹೆಡ್‌ಮಾಸ್ಟರ್ ಕೊಡೆ. ನೂರು. ನೂರೈವತ್ತು. ಇನ್ನೂರು. ಕಡ್ಡಿಗಳು ಬಿಲ್ಲಿನ ಹಾಗೆ ಬಾಗಿದವು, ನೆಟ್ಟಗಾದವು. ನನ್ನ ತೋಳು ನಡುಗಿತು, ಕೊಡೆ ನಡುಗಲಿಲ್ಲ.

“ಇದೇ ಮಾಪಿಳ್ಳೆ!” ಅಂದರು ತಾತ. ಮದುಮಗ ಸಿಕ್ಕಿಬಿಟ್ಟ ಅನ್ನೋ ಥರ.

ಕೊಡೆ ಸಿಕ್ಕಿತು, ಕಥೆ ಮುಗೀತು ಅಂದ್ಕೊಂಡಿರಾ? ನಾನೂ ಹಾಗೇ ಅಂದ್ಕೊಂಡೆ. ಅಕ್ಕ ಕೊಡೆ ನೋಡಿ ಎದೆ ಮೇಲೆ ಕೈ ಇಟ್ಕೊಂಡಳು.

“ಕರೀದಾ? ಮದುವೆಗಾ?”

ಹೌದಲ್ಲ! ಗಾಳಿ ಬಗ್ಗೆ ಇಷ್ಟು ಯೋಚಿಸಿದವಳು ಬಣ್ಣದ ಬಗ್ಗೆ ಯೋಚಿಸಿರಲಿಲ್ಲ.

“ಇರ್ಲಿ ಬಿಡು. ಮೇಲೆ ಸೀರೆ ಹೊದಿಸೋಣ. ಎಲ್ರೂ ಹಂಗೇ ತಾನೆ ಮಾಡೋದು” ಅಂತ ಅಕ್ಕನೇ ಸಮಾಧಾನ ಮಾಡಿದಳು. ನಿಜ. ನಮ್ಮಲ್ಲಿ ಎಲ್ಲರೂ ಕೊಡೆ ಮೇಲೆ ಹೊಸ ಸೀರೆ ಹೊದಿಸಿ, ಅಂಚಿಗೆ ಜರಿ ಕುಚ್ಚು ಹೊಲಿದು, ಮಲ್ಲಿಗೆ ಸುತ್ತುತ್ತಾರೆ. ಅಕ್ಕ ಇದಕ್ಕಂತಲೇ ಚಿನ್ನಾಳಪಟ್ಟಿಯಿಂದ ಕುಂಕುಮದ ಬಣ್ಣದ ಸೀರೆ ತರಿಸಿದ್ದಳು. ಹೊದಿಸಿ, ಪಿನ್ ಹಾಕಿ, ತಾರಸಿ ಮೇಲೆ ಹೋಗಿ ಬಿಚ್ಚಿದೆ.

ಕೊಡೆ ನನ್ನನ್ನ ಹೊಸ ಹೋರಿ ಎಳೆದ ಹಾಗೆ ಎಳೆಯಿತು. ಗೋಡೆ ಹಿಡಿದುಕೊಂಡೆ, ಇಲ್ಲದಿದ್ದರೆ ಊರಿಗೆ ಇಬ್ಬರು ಪ್ಯಾರಾಚೂಟ್ ಆಗ್ತಿದ್ದೆವು. ಇನ್ನೂರು ಎಣಿಸಿದರೂ ಜಗ್ಗದ ಕೊಡೆ ಹತ್ತು ಎಣಿಸೋದರೊಳಗೆ ತಲೆಕೆಳಗು. ರೇವತಿ ಮೆಟ್ಟಿಲ ಮೇಲೆ ಕೂತು ನಗ್ತಿದ್ದಳು. ಅವಳ ಹಿಂದೆ ಅಕ್ಕ. ಅವಳು ನಗ್ತಿರಲಿಲ್ಲ.

ಮದುವೆಗೆ ನಾಲ್ಕು ದಿನ ಇತ್ತು.

ಕೊಡೆ, ಸೀರೆ ಎರಡನ್ನೂ ಸುತ್ತಿಕೊಂಡು ಕಂಬಂಗೆ ಓಡಿದೆ. ಭಾಯಿ ನೋಡಿದರು. ಪಿನ್ ಒಂದೊಂದೇ ಕಿತ್ತು ಡಬ್ಬಿಗೆ ಹಾಕಿದರು.

“ಬಟ್ಟೆ ಮೇಲೆ ಬಟ್ಟೆ ಹಾಕಿದ್ದೀಯಲ್ಲಮ್ಮಾ. ಮಧ್ಯೆ ಗಾಳಿ ಹೊಕ್ಕರೆ ಎಲ್ಲಿಂದ ಹೋಗಬೇಕು? ನೀನು ಯಾವ ಪಾಠ ಹೇಳೋದು?”

“ಫಿಸಿಕ್ಸ್.”

“ಓಹೋ” ಅಂದರು. ಅಷ್ಟೇ. ಆ ‘ಓಹೋ’ದ ಮುಂದೆ ದೊಡ್ಡಪ್ಪನ ನಗು ಏನೂ ಅಲ್ಲ.

ಆಗ ಹೊಳೆಯಿತು. ಸುರುಳಿಯಣ್ಣನ ಕೊಡೆ ಕೆಟ್ಟ ಕೊಡೆಯಾಗಿರಲಿಲ್ಲ. ಅವನ ತೋಳೂ ಕಡಿಮೆಯದಲ್ಲ. ಅವನನ್ನ ಚರಂಡಿಗೆ ಎಳೆದದ್ದು ಸೀರೆ! ಎಷ್ಟು ಮದುವೆಗಳಲ್ಲಿ ಎಷ್ಟು ಮಾವಂದಿರು ಎಡವಿದ್ದಾರೆ, ನಾವು ಮಾತ್ರ ಗಾಳಿಯನ್ನ ಬೈದೆವು, ಮಾವನನ್ನ ಬೈದೆವು. ಸೀರೆಯನ್ನ ಯಾರು ಅನುಮಾನಿಸ್ತಾರೆ? ಅಷ್ಟು ಚೆನ್ನಾಗಿ ಕಾಣುತ್ತಲ್ಲ!

ಭಾಯಿ ಕರೀ ಬಟ್ಟೆಯನ್ನ ಪೂರ್ತಿ ಬಿಚ್ಚಿಬಿಟ್ಟರು. ಅದೇ ಅಳತೆಗೆ ಸೀರೆಯನ್ನ ಎಂಟು ಭಾಗವಾಗಿ ಕತ್ತರಿಸಿದರು. (ಅಕ್ಕ ಪಕ್ಕದಲ್ಲಿ ಇರಲಿಲ್ಲ, ಪುಣ್ಯ.) ಎಂಟನ್ನೂ ಸೇರಿಸಿ ಹೊಲಿದು ನೇರವಾಗಿ ಕಡ್ಡಿಗೇ ಕಟ್ಟಿದರು. ಒಂದೇ ಪದರ. ನೆತ್ತಿಯ ಹತ್ತಿರ ಅಂಗೈಯಗಲ ತೂತು ಬಿಟ್ಟು, ಅದರ ಮೇಲೆ ಪುಟ್ಟ ಟೋಪಿಯಂತೆ ಒಂದು ತುಂಡು ಹೊಲಿದರು. ಕೆಳಗಿಂದ ನುಗ್ಗಿದ ಗಾಳಿ ಅಲ್ಲಿಂದ ಆಚೆ ಹೋಗ್ಲಿ ಅಂತ. ಕುಚ್ಚು ಬೇಕೇ ಬೇಕು ಅಂದೆ. ಸಣ್ಣದು ಹಾಕಿದರು. ಮಲ್ಲಿಗೆ ಕೇಳಿದೆ.

“ಮಲ್ಲಿಗೆ ಹುಡುಗಿ ತಲೆಗೆ. ಕೊಡೆಗಲ್ಲ.”

ಮದುವೆ ದಿನ ಬೆಳಿಗ್ಗೆ ಗಾಳಿಯೂ ನೆಂಟರ ಜೊತೆ ಬೇಗನೇ ಬಂದಿತ್ತು. ಮನೆ ಮುಂದಿನ ಪ್ಲಾಸ್ಟಿಕ್ ಕುರ್ಚಿಗಳು ತಾವಾಗೇ ನಡೀತಿದ್ದವು. ನಾದಸ್ವರದೋರು ಗಾಳಿಗೆ ಬೆನ್ನು ಹಾಕಿ ನಿಂತು ಊದ್ತಿದ್ದರು.

ಕೊಡೆ ಬಿಚ್ಚಿದೆ. ರೇವತಿ ಕೆಳಗೆ ಬಂದಳು. “ಚಿಕ್ಕೀ, ಬಿಟ್ಬಿಡ್ಬೇಡ” ಅಂತ ಪಿಸುಗುಟ್ಟಿದಳು. ಈ ಸಲ ಅವಳೂ ನಗ್ತಿರಲಿಲ್ಲ.

ದೊಡ್ಡಪ್ಪ ಮುಂದೆ. ಸುರುಳಿಯಣ್ಣ ನನ್ನ ಪಕ್ಕದಲ್ಲೇ, ಒಂದು ಕೈ ಅರ್ಧ ಎತ್ತಿಕೊಂಡು, ಬಿದ್ದರೆ ಹಿಡ್ಕೊಳ್ಳೋಕೆ ರೆಡಿಯಾಗಿ.

“ಕೈ ಇಳಿಸಣ್ಣಾ. ನೋಡೋರಿಗೆ ನೀನೇ ಹಿಡಿದಂಗೆ ಕಾಣುತ್ತೆ.”

ಅವನು ನಕ್ಕು ಇಳಿಸಿದ. ಹತ್ತು ಹೆಜ್ಜೆ ಆದ ಮೇಲೆ ಮೆತ್ತಗೆ ಅಂದ. “ತಂಗೀ, ರೇಶನ್ ಅಂಗಡಿ ತಿರುವಲ್ಲಿ ಗಾಳಿ ನೇರ ಬರಲ್ಲ. ಎಡಗಡೆ ಸಂದಿಯಿಂದ ಬರುತ್ತೆ. ನಂಗೆ ಅವತ್ತು ಗೊತ್ತಿರ್ಲಿಲ್ಲ.”

ಎರಡು ವರ್ಷ ಆ ಮನುಷ್ಯ ಆ ತಿರುವನ್ನ ಎಷ್ಟು ಸಲ ನೆನೆಸಿಕೊಂಡಿರಬೇಕು!

ತಿರುವು ಬಂತು. ಊರು ಪೂರ್ತಿ ಅಲ್ಲೇ ನಿಂತಿತ್ತು. ಯಾಕೆ ನಿಂತಿತ್ತು ಅಂತ ಬಿಡಿಸಿ ಹೇಳಬೇಕಾ? ಮೊಬೈಲ್‌ಗಳು ಮೇಲೆ ಇದ್ದವು. ಮಕ್ಕಳು ಗೋಡೆ ಹತ್ತಿದ್ದರು.

ನಾನು ಎಡಕ್ಕೆ ತಿರುಗಿಸಿ ಕೊಡೆಯ ಮುಖಾನ ಸಂದಿಗೇ ಕೊಟ್ಟೆ. ಬಂತು ನೋಡಿ! ಧೂಳು, ಕಾಗದ, ಒಣಗಿದ ಬಾಳೆ ಎಲೆ, ಎಲ್ಲಾ ಒಟ್ಟಿಗೆ. ಕಡ್ಡಿಗಳು ಬಾಗಿದವು. ಸೀರೆ ಉಬ್ಬಿತು. ನೆತ್ತಿಯ ಪುಟ್ಟ ಟೋಪಿ ಪಟಪಟ ಹೊಡ್ಕೊಂಡಿತು, ಗಾಳಿ ಅಲ್ಲಿಂದ ಹಾದು ಹೋಯಿತು. ನನ್ನ ಕಾಲು ನೆಲದಲ್ಲೇ ಇತ್ತು. ರೇವತಿಯ ಜಡೆಯ ಒಂದು ಹೂವೂ ಉದುರಲಿಲ್ಲ.

ಹಾರಿದ್ದು ದೊಡ್ಡಪ್ಪನ ಟವೆಲ್. ಹೆಗಲಿಂದ ಎದ್ದು, ಅಂಗಡಿ ತಗಡಿನ ಮೇಲೆ ಒಂದು ಕ್ಷಣ ಕೂತು, ಆಮೇಲೆ ದ್ರಾಕ್ಷಿ ತೋಟಗಳ ಕಡೆ ಹೊರಟು ಹೋಯಿತು. ಗೋಡೆ ಮೇಲಿನ ಮಕ್ಕಳು ಶಿಳ್ಳೆ ಹಾಕಿದವು. “ಪ್ಯಾರಾಚೂಟ್ ತಾತಾ!”

ಸುರುಳಿಯಣ್ಣ ಅಷ್ಟು ಜೋರಾಗಿ ನಕ್ಕಿದ್ದನ್ನ ನಾನು ಎರಡು ವರ್ಷದಿಂದ ನೋಡಿರಲಿಲ್ಲ.

ಮಂಟಪದ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಆರತಿ ತಟ್ಟೆಯನ್ನ ಯಾರ ಕೈಗೋ ಕೊಟ್ಟು ಮೊದಲು ನನ್ನ ಹತ್ತಿರ ಬಂದಳು, ಮಗಳ ಹತ್ತಿರ ಅಲ್ಲ. ಕೊಡೆ ಹಿಡಿದಿದ್ದ ತೋಳನ್ನ ಭುಜದಿಂದ ಮಣಿಕಟ್ಟಿನವರೆಗೆ ಒಂದು ಸಲ ಒತ್ತಿದಳು. ತೋಟದಿಂದ ಬಂದ ಮೇಲೆ ಅವಳ ಕುತ್ತಿಗೆಯನ್ನ ಅವ್ವ ಒತ್ತುತ್ತಿದ್ದದ್ದು ಹಾಗೇ.

“ನೋವಾ?”

“ಇಲ್ಲ.”

“ಸುಳ್ಳಿ” ಅಂದಳು. ನಕ್ಕಳು. ಆಮೇಲೆ ಮಗಳ ಕಡೆ ಹೋದಳು.

ನಾನು ಕ್ಲಾಸಿನಲ್ಲಿ ಫಸ್ಟ್ ಬಂದಿದ್ದೀನಿ, ಗೋಲ್ಡ್ ಮೆಡಲ್ ತಗೊಂಡಿದ್ದೀನಿ. ಸತ್ಯವಾಗಿ ಹೇಳ್ತೀನಿ, ಈ ಗೆಲುವಿನ ರುಚಿಯೇ ಬೇರೆ.

ಊಟಕ್ಕೆ ಕೂತಾಗ ದೊಡ್ಡಪ್ಪ ನನ್ನ ಎದುರು ಎಲೆಗೇ ಬಂದು ಕೂತರು. ಬರೀ ಹೆಗಲು. ರಸಂ ಬಂದಾಗ ಗಂಟಲು ಸರಿಮಾಡಿಕೊಂಡರು.

“ಟೀಚರಮ್ಮಾ, ಆಡಿ ಕಳ್ದು ಆವಣಿ ತಿಂಗ್ಳಲ್ಲಿ ನನ್ ಚಿಕ್ ಮೊಮ್ಮಗಳ ಮದುವೆ. ಆ ಭಾಯಿ ಹತ್ರ ಇಂಥದ್ದೇ ಒಂದು ಕೊಡೆ ಮಾಡಿಸ್ಕೊಡು. ಸುರುಳಿ ಹಿಡೀತಾನೆ.”

“ಮಾಡಿಸ್ತೀನಿ ದೊಡ್ಡಪ್ಪಾ.”

ಪಕ್ಕದ ಎಲೆಯಿಂದ ಸುರುಳಿಯಣ್ಣ ತಲೆ ಎತ್ತದೇ ಅಂದ. “ಕೊಡೆ ಮಾಡಿಸ್ಲಿ ಅಪ್ಪಾ. ಹಿಡಿಯೋದು ತಂಗೀನೇ ಹಿಡೀಲಿ. ಸೋದರಮಾವ ನಾನು, ನಾನೇ ಕೇಳ್ತಿದ್ದೀನಿ.”

ಬಡಿಸೋರು ಪಾಯಸ ತಂದರು, ಹೋದರು. ದೊಡ್ಡಪ್ಪನ ಕೈ ಅಭ್ಯಾಸದಂತೆ ಹೆಗಲಿಗೆ ಹೋಯಿತು, ಅಲ್ಲಿ ಏನೂ ಸಿಗಲಿಲ್ಲ.

ಕೊನೆಗೆ ಕೇಳಿದರು. “ಆವಣೀಲಿ ನಿಂಗೆ ಸ್ಕೂಲಲ್ಲಿ ಲೀವ್ ಸಿಕ್ತದಾ?”

ಸಿಗದೇ ಏನು! ಅರ್ಜಿ ಈಗಲೇ ಬರೆದಿಟ್ಟಿದ್ದೀನಿ, ಒಂದು ಜಾಗ ಮಾತ್ರ ಖಾಲಿ ಇದೆ: ‘ರಜೆಗೆ ಕಾರಣ’ ಅನ್ನೋ ಕಡೆ ‘ಸೋದರಮಾವನ ಕೆಲಸ’ ಅಂತ ಬರೆದರೆ ನಮ್ಮ ಹೆಡ್‌ಮಾಸ್ಟರ್ ಸಹಿ ಹಾಕ್ತಾರಾ?